ಎತ್ತದ ಬಾವುಟ

ಆಟ ಮುಗಿಯಲು ಇನ್ನು ಸ್ವಲ್ಪವೇ ಹೊತ್ತು. ಗೆರೆಯಂಚಿನಲ್ಲಿ ನಿಂತಿದ್ದ ವಾಮನ ಬಾವುಟದ ಕೋಲನ್ನು ಬಿಗಿಯಾಗಿ ಹಿಡಿದಿದ್ದ. ಎರಡೂ ಕಡೆ ಗೋಲಿಲ್ಲ. ಹೀಗೇ ಮುಗಿದರೂ ಸಾಕು, ರೈಸ್‌ವೈಕ್ ಎಂಬ ಡಚ್ ಊರಿನ ಈ ಪುಟ್ಟ ಫುಟ್‌ಬಾಲ್ ಕ್ಲಬ್ಬಿನ ನಾಲ್ಕನೇ ತಂಡ 1998ರ ಚಾಂಪಿಯನ್. ಕ್ಯಾಂಟೀನಿನಲ್ಲಿ ಆಗಲೇ ಹೂಗುಚ್ಛಗಳನ್ನು ತಂದಿಟ್ಟಿದ್ದರು. ಅದರಲ್ಲೊಂದು ಅರವಿಂದನಿಗೂ ಸಿಗುತ್ತದೆಂದು ನೆನೆದರೆ ವಾಮನನ ಹೊಟ್ಟೆ ಉರಿಯುತ್ತಿತ್ತು.

ಕೆಳದರ್ಜೆಯ ಪಂದ್ಯಗಳಲ್ಲಿ ಬಾವುಟ ಹಿಡಿಯುವವನನ್ನು ಆಯಾ ತಂಡವೇ ಒದಗಿಸಬೇಕು. ಎದುರಾಳಿ ನಮ್ಮ ಗೋಲಿನತ್ತ ನುಗ್ಗಿದಾಗ ಆಫ್‌ಸೈಡ್ ಎಂದು ಎತ್ತುವವನು ನಮ್ಮವನೇ. ಅಂದಮೇಲೆ ಕೇಳಬೇಕೆ? ಎಲ್ಲರ ಬಾವುಟವೂ ಒಂದಿಷ್ಟು ಸುಳ್ಳು ಹೇಳುತ್ತದೆ. ಡಿಫೆಂಡರುಗಳೆಲ್ಲ ಒಟ್ಟಿಗೆ ಮುಂದೆ ಓಡಿ ಎದುರಾಳಿಯನ್ನು ತಮ್ಮ ಬೆನ್ನ ಹಿಂದೆ, ಆಫ್‌ಸೈಡಿನಲ್ಲಿ ಸಿಕ್ಕಿಸಬೇಕು. ಒಬ್ಬ ಹಿಂದೆ ಉಳಿದರೂ ಎದುರಾಳಿ ಆನ್‌ಸೈಡ್, ಅವನ ಗೋಲು ಸಲ್ಲುತ್ತದೆ. ಅರವಿಂದನೋ ಹಿಂದೆ ಉಳಿಯುವ ಸೋಮಾರಿ. ಅವನ ಸೋಮಾರಿತನವನ್ನು ವರ್ಷವಿಡೀ ಮುಚ್ಚಿಟ್ಟದ್ದು ವಾಮನನ ಬಾವುಟ.

ವಾಮನ ಧಾರವಾಡದವನು, ಅರವಿಂದ ಮೈಸೂರಿನವನು. ಒಂದೇ ಆಫೀಸು, ಒಂದೇ ಬಾಡಿಗೆ ಮನೆ. ಕ್ಲಬ್ಬಿಗೆ ಅರವಿಂದನನ್ನು ಕೈಹಿಡಿದು ಕರೆತಂದವನೇ ವಾಮನ. ಎರಡನೇ ನಂಬರಿನ ಜರ್ಸಿ ಆಗ ವಾಮನನದಾಗಿತ್ತು. ಸೀಸನ್ ಶುರುವಾಗುವ ಹೊತ್ತಿಗೆ ಅದು ಅರವಿಂದನ ಮೈಮೇಲಿತ್ತು, ವಾಮನನ ಕೈಗೆ ಬಾವುಟ ಬಂದಿತ್ತು. ತನ್ನ ಆಟ ಸಾಲದೇನೋ ಎಂದುಕೊಂಡು ಸುಮ್ಮನಿದ್ದ.

ಮೊನ್ನೆ ಗುರುವಾರ ಕೋಚ್ ಯೋಪ್ ಮುದುಕ ಅವನ ಬೆನ್ನು ತಟ್ಟಿ, "ಮೊಣಕಾಲು ಹೇಗಿದೆ? ಆಪರೇಷನ್ ಆಗಿದೆ, ಹೇಳಿಕೊಳ್ಳೋಕೆ ನಿನಗೆ ಸಂಕೋಚ ಅಂತ ಅರವಿಂದ ಸೀಸನ್ ಶುರುವಿನಲ್ಲೇ ಹೇಳಿದ್ದ," ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದ್ದ.

ಆಪರೇಷನ್ನಂತೆ! ವಾಮನನ ಮೊಣಕಾಲು ಈವರೆಗೆ ಡಾಕ್ಟರ ಮುಖವನ್ನೇ ಕಂಡಿರಲಿಲ್ಲ. ಒಂದೇ ತಟ್ಟೆಯಲ್ಲಿ ಉಂಡವನು ಬೆನ್ನಿಗೆ ಚೂರಿ ಹಾಕಿದ್ದ. ಇರಲಿ ಮಗನ, ಎಂದು ವಾಮನ ಹಲ್ಲು ಕಚ್ಚಿಕೊಂಡಿದ್ದ.

ಅಷ್ಟರಲ್ಲಿ ಎದುರಾಳಿ ಚೆಂಡನ್ನು ಉದ್ದಕ್ಕೆ ಒದ್ದ. ಡಿಫೆಂಡರುಗಳು ಒಟ್ಟಾಗಿ ಮುಂದೆ ಓಡಿದರು. ಅರವಿಂದ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಿಂದೆಯೇ ನಿಂತಿದ್ದ. ಕೆಂಗೂದಲ ಆಟಗಾರನೊಬ್ಬ ಅವನನ್ನು ದಾಟಿ ಗೋಲಿನತ್ತ ನುಗ್ಗಿದ.

"ಎತ್ತೋ ವಾಮನ, ಎತ್ತು," ಅರವಿಂದ ಕನ್ನಡದಲ್ಲೇ ಕೂಗಿದ.

ರೆಫರಿ ವಾಮನನತ್ತ ನೋಡಿದ. ಬಾವುಟ ಕೆಳಗೇ ಇತ್ತು. ಚೆಂಡು ಬಲೆಗೆ ಬಿತ್ತು. ವಾಮನನ ಎದೆಗೆ ತಣ್ಣೀರು ಹೊಯ್ದಷ್ಟು ಹಿತವಾಯಿತು.

ಕೊನೆಯ ಸೀಟಿ ಊದಿದೊಡನೆ ಅರವಿಂದ ಓಡಿಬಂದ. "ನಿಂಗೆ ಕಾಣಿಸ್ಲಿಲ್ವೇನೋ?"

"ಛಲೋ ಕಾಣಿಸ್ತು. ನೀ ಹಿಂದ ನಿಂತಿದ್ದಿ. ಅಂವ ಆನ್‌ಸೈಡ್ ಇದ್ದ."

"ಇಡೀ ವರ್ಷ ಎತ್ತಿದ್ದೆ. ಇವತ್ತೇ ಸತ್ಯಹರಿಶ್ಚಂದ್ರ ಆಗ್ಬಿಟ್ಯಾ?"

"ಏನ್ ಮಾಡ್ಲೆಪಾ, ಮೊಣಕಾಲಿಗೆ ಆಪರೇಷನ್ ಆಗೇದಲ್ಲ. ಕೈ ಮ್ಯಾಲ ಏಳಲಿಲ್ಲ."

ಅರವಿಂದ ಕಣ್ಣು ತಪ್ಪಿಸಿ ಕಾಲುಚೀಲ ಎಳೆದುಕೊಳ್ಳತೊಡಗಿದ. ಆ ಮುಖವನ್ನು ವಾಮನ ಕಣ್ತುಂಬ ನೋಡಿದ.

ಉಳಿದವರು ಹುಲ್ಲಿನ ಮೇಲೆ ಕುಸಿದು ಕೂತಿದ್ದರು. ಯೋಪ್ ಹೂಗುಚ್ಛಗಳನ್ನು ತೋಳಿನಲ್ಲಿ ತಬ್ಬಿಕೊಂಡು ಕ್ಯಾಂಟೀನಿನಿಂದ ಬಂದು ಒಬ್ಬೊಬ್ಬರಿಗೂ ಕೊಟ್ಟ. ಎಷ್ಟೋ ವರ್ಷ ಕಾದರೂ ಅವನು ಈ ತಂಡ ಚಾಂಪಿಯನ್ ಆದದ್ದನ್ನು ಕಂಡಿರಲಿಲ್ಲ. ವಾಮನನ ಕೈಗೂ ಒಂದನ್ನಿತ್ತ.

"ತಗೋ. ಸುಮ್ಮನೆ ಬಾಡಿ ಹೋಗುತ್ತೆ," ಎಂದ. ಅವನ ಕಣ್ಣು ಕೆಂಪಾಗಿತ್ತು.

ತಂಡದ ಜರ್ಸಿಗಳನ್ನು ವಾರಕ್ಕೊಬ್ಬರು ಮನೆಗೊಯ್ದು ಒಗೆಯಬೇಕು. ಈ ವಾರದ ಸರದಿ ಇವರ ಮನೆಯದು. ಅರವಿಂದ ಬಂದವನೇ ಹೂವನ್ನು ಬಾಲ್ಕನಿಯ ಬಕೆಟ್ಟಿಗೆ ತುರುಕಿ ಕೋಣೆ ಸೇರಿ ಬಾಗಿಲು ಹಾಕಿಕೊಂಡ. ವಾಮನ ತನ್ನದನ್ನೂ ಅದರಲ್ಲೇ ಇಟ್ಟು, ಮೆಷಿನ್ನಿನಿಂದ ಜರ್ಸಿಗಳನ್ನು ತೆಗೆದು ಒಂದೊಂದಾಗಿ ಕೊಡವಿ ಹರವಿದ. ಅರವಿಂದನ ವಿಷಯದಲ್ಲಿ ಅವನಿಗೆ ಎಳ್ಳಷ್ಟೂ ಮರುಕವಿರಲಿಲ್ಲ. ಹೂವಿನತ್ತ ನೋಡಲು ಮಾತ್ರ ಆಗುತ್ತಿರಲಿಲ್ಲ.

ಕೊನೆಗೆ ಉಳಿದದ್ದು ಎರಡನೇ ನಂಬರು. ಅದನ್ನು ಎದೆಗೆ ಹಿಡಿದು ನೋಡಿದ. ಅಳತೆ ಸರಿಯಾಗಿಯೇ ಇತ್ತು. ಆಮೇಲೆ ಬಕೆಟ್ಟು ಮರೆಯಾಗುವ ಹಾಗೆ ಅದನ್ನು ತಂತಿಯ ತುದಿಗೆ ಸರಿಸಿ ಕ್ಲಿಪ್ಪು ಹಾಕಿದ.