ಕಳ್ಳಿಯ ಕೈಗುಣ

"ಕುಂಡ ಅಲ್ಲಾಡಿಸಬೇಡ್ವೇ!" ಎಂದು ಗದರಿ ಅತ್ತಿಗೆ ಹುಬ್ಬು ಕೀಳುವ ಚಿಮಟದಿಂದ ಕೆಂಪು ಹೂವಿನ ಬುಡ ಹಿಡಿದಳು. ನನ್ನ ಒಂದು ಕೈಯಲ್ಲಿ ಕಳ್ಳಿಗಿಡದ ಕುಂಡ, ಇನ್ನೊಂದರಲ್ಲಿ ಹೇರ್ ಡ್ರೈಯರ್. ಬಿಸಿಗಾಳಿಗೆ ಗೋಂದು ಮೆತ್ತಗಾಗತೊಡಗಿತು.

"ಒಂದು ವರ್ಷದಿಂದ ನಾನು ಗೋಂದಿಗೆ ನೀರು ಹಾಕ್ತಿದ್ದೆನೇನೇ?"

"ನೀನೆಲ್ಲಿ ಹಾಕಿದೆ ಅತ್ತಿಗೆ? ನಾನು ಬಿಟ್ರೆ ತಾನೇ?"

ನಿಜವೇ. ಪಾರ್ಲರಿನಲ್ಲಿ ಒಬ್ಬೊಬ್ಬರ ಕೂದಲು ಕತ್ತರಿಸಿದ ಮೇಲೂ ಅತ್ತಿಗೆ ಸ್ಪ್ರೇ ಬಾಟಲಿ ಹಿಡಿದು ಗಿಡದ ನೆತ್ತಿಯ ಕಡೆ ಹೊರಡುತ್ತಿದ್ದಳು. ನಾನು ಬಾಟಲಿ ಬಚ್ಚಿಡುತ್ತಿದ್ದೆ. ಮಣ್ಣು ತಳದವರೆಗೆ ಒಣಗಿದರಷ್ಟೇ ನೀರು, ಚಳಿಗಾಲದಲ್ಲಿ ಅದೂ ಇಲ್ಲ. ಬಿಸಿಲಿನ ಕಿಟಕಿಯಿಂದ ಅದನ್ನು ಸರಿಸಲೂ ಬಿಡಲಿಲ್ಲ. ಹೇಳದೆ ಉಳಿದದ್ದು ಒಂದೇ: ಅಂಗಡಿಯವನು ಆ ಹೂವನ್ನು ಅಂಟಿಸಿ ಮಾರಿದ್ದ.

ಹೇಳುವುದಾದರೂ ಹೇಗೆ? ಬಾಡದ ಹೂ ಕಂಡವರೆಲ್ಲ "ಏನು ಕೈಗುಣಾರೀ ನಿಮ್ಮದು!" ಎನ್ನುತ್ತಿದ್ದರು. ಮಾತು ಬೀದಿ ಸುತ್ತಿ ಬಂದು, ಉದುರಿದ ಕೂದಲು ಮತ್ತೆ ಹುಟ್ಟುತ್ತದೆಂದು ಜನ ಅತ್ತಿಗೆಯ ಕೈಯಿಂದಲೇ ಎಣ್ಣೆ ತಿಕ್ಕಿಸಿಕೊಳ್ಳಲು ಸಾಲುಗಟ್ಟಿದರು. ಅತ್ತಿಗೆ ಬೋರ್ಡನ್ನೇ ಬದಲಿಸಿದಳು: ಕೈಗುಣ ಬ್ಯೂಟಿ ಪಾರ್ಲರ್. ಇವತ್ತು ಆ ಅಂಟುಹೂವಿನಡಿ ನಿಜವಾದ ಮೊಗ್ಗೊಂದು ನಲುಗುತ್ತಿರುವುದನ್ನು ನೋಡಿ ಗುಟ್ಟು ಬಾಯಿಬಿಟ್ಟೆ.

"ಗೊತ್ತಿದ್ದೂ ಸುಮ್ಮನಿದ್ದೆ! ಕಳ್ಳಿ ಅಂದ್ರೆ ಇದಲ್ಲ ಕಣೇ, ನೀನು."

"ಮುಳ್ಳಿಲ್ಲದ ಕಳ್ಳಿ."

"ಯಾಕಿಲ್ಲ? ನಾಲಿಗೇಲಿದೆಯಲ್ಲ!" ಚಿಮಟ ಅಲ್ಲೇ ನಿಂತಿತು. "ಕಿತ್ರೆ ಜನ ಏನಂತಾರೆ?"

"ಬಿಟ್ರೆ ಮೊಗ್ಗು ಕೊಳೆಯುತ್ತೆ."

ಅತ್ತಿಗೆ ಕಣ್ಣು ಮುಚ್ಚಿ ಎಳೆದಳು. ಹೂ ನಾಲ್ಕು ಮುಳ್ಳುಗಳ ಸಮೇತ ಬಂತು.

ವಾರದೊಳಗೆ ಮೊಗ್ಗು ಸೊಂಟ ನೆಟ್ಟಗೆ ಮಾಡಿಕೊಂಡು ಅರಳಿತು. ಅಂಗಿ ಗುಂಡಿಯಷ್ಟು ಅಗಲ, ತೆಳು ಹಳದಿ. ಅದನ್ನೇ ನೋಡುತ್ತ ಅತ್ತಿಗೆ ಒಬ್ಬರ ಮುಂಗುರುಳನ್ನು ಬುಡದವರೆಗೂ ಕತ್ತರಿಸಿಬಿಟ್ಟಳು.

ಅಷ್ಟರಲ್ಲಿ, ವಾರವಾರ ಎಣ್ಣೆ ತಿಕ್ಕಿಸಿಕೊಳ್ಳುವ ವಕೀಲೆ ಬಂದು ಕಿಟಕಿಯ ಮುಂದೆ ನಿಂತರು.

"ಅಯ್ಯೋ! ಕೆಂಪು ಹೂ ಎಲ್ಲಮ್ಮಾ?"

ಅತ್ತಿಗೆ ನನ್ನನ್ನು ನೋಡಿದಳು. ನಾನು ಕಸಗುಡಿಸುವ ಕೆಲಸದಲ್ಲಿ ಮುಳುಗಿಹೋದೆ.

"ಅದು ಅಂಟಿಸಿದ್ದು ಮೇಡಂ. ಇದು ತಾನಾಗಿ ಬಿಟ್ಟಿದ್ದು."

"ಇಷ್ಟೇನಾ? ಎಷ್ಟು ದಿನ ಇರುತ್ತೆ?"

"ನಾಲ್ಕು ದಿನ ಇದ್ರೆ ಹೆಚ್ಚು."

ವಕೀಲೆಯ ಕೈ ಮೆಲ್ಲಗೆ ಅವರದೇ ನೆತ್ತಿಗೆ ಹೋಯಿತು. "ಹಾಗಾದ್ರೆ ನನ್ನ ಕೂದಲು?"

"ಅದು ನನ್ನ ಕೈಲಿಲ್ಲ ಮೇಡಂ."

ಕುರ್ಚಿಗಳಲ್ಲಿ ಕಾಯುತ್ತಿದ್ದ ಇಬ್ಬರು ಮುಖ ಮುಖ ನೋಡಿಕೊಂಡರು. ಒಬ್ಬಳು ಚಪ್ಪಲಿ ಮೆಟ್ಟಿ ಹೊರಟೇಹೋದಳು. ವಕೀಲೆ ಅತ್ತಿಗೆಯ ಕಿವಿಗೆ ಬಾಗಿದರು.

"ಹೆದರಬೇಡ. ಮನೇಲಿ ಒಳ್ಳೇ ಪ್ಲಾಸ್ಟಿಕ್ ಹೂವಿದೆ, ಸಂಜೆ ತಂದುಕೊಡ್ತೀನಿ, ಸಿಕ್ಕಿಸಿಬಿಡು. ಯಾರಾದ್ರೂ ಬಾಯಿ ಬಿಟ್ರೆ ಸಾಕ್ಷಿಗೆ ನಾನಿದ್ದೀನಿ."

"ಬೇಡ," ಅಂದಳು ಅತ್ತಿಗೆ.