ಹುರಿದ ಮಣ್ಣು

ಆ ಶಾಲೆಯಲ್ಲಿ ಮಣ್ಣು ಅಂದರೆ ಬೈಗುಳ. ಲೆಕ್ಕ ತಪ್ಪಿದ ಮಗುವಿಗೆ ಹೆಡ್ ಮೇಡಂ ಕೇಳುತ್ತಿದ್ದದ್ದು ಒಂದೇ ಮಾತು: “ತಲೇಲಿ ಏನಿದೆ, ಮಣ್ಣಾ?” ಮಗು ತಲೆ ತಗ್ಗಿಸಿ ನೆಲ ನೋಡುತ್ತಿತ್ತು. ನೆಲದಲ್ಲಿ ನೋಡುವುದಕ್ಕಾದರೂ ಏನಿತ್ತು? ಗೇಟಿನಿಂದ ಶೌಚಾಲಯದವರೆಗೆ ಟೈಲ್ಸ್. ಅಳುವ ಮುಖ ಅಳುವ ಹಾಗೇ ಕಾಣುವಷ್ಟು ಹೊಳಪು.

ಉಳಿದಿದ್ದದ್ದು ಕೈತೊಳೆಯುವ ನಲ್ಲಿಯ ಹಿಂದೆ ಒಂದು ಮಂಚದಗಲದ ನೆಲ. ಟೈಲ್ಸ್ ಸಾಲದೆ ಹೋದದ್ದರಿಂದ ಬದುಕಿಕೊಂಡಿತ್ತು. ಮೂರನೇ ತರಗತಿಯ ಟೀಚರಮ್ಮ ಅದಕ್ಕೆ ಹಣ್ಣಿನ ಸಿಪ್ಪೆ, ಉದುರಿದ ಎಲೆ ಹಾಕಿ ಹಾಕಿ ಕಪ್ಪಗೆ, ಮೆತ್ತಗೆ ಮಾಡಿಕೊಂಡಿದ್ದಳು. ಮಾತು ಕಡಿಮೆಯ ಹೆಂಗಸು. ಸ್ಟಾಫ್ ರೂಮಿನಲ್ಲಿ ‘ಮೌನವ್ರತ’ ಎಂದು ಹೆಸರಿಟ್ಟಿದ್ದರು. ಎದುರಿಗೇ ಕರೆದರೂ ಅವಳು ಉತ್ತರ ಕೊಡದ್ದರಿಂದ ಹೆಸರು ಇನ್ನೂ ಗಟ್ಟಿಯಾಯಿತು. ಮಕ್ಕಳ ಜೊತೆ ನಲ್ಲಿಯ ಹಿಂದೆ ಕುಕ್ಕರಗಾಲಲ್ಲಿ ಕೂತಾಗ ಮಾತ್ರ ಅವಳ ಬಾಯಿ ಬಿಚ್ಚುತ್ತಿತ್ತು. ಅಲ್ಲಿ ಎರೆಹುಳುಗಳೂ ಕೇಳುತ್ತಿದ್ದವು, ನಡುವೆ ಬಾಯಿ ಹಾಕುತ್ತಿರಲಿಲ್ಲ.

ಹೀಗಿರುವಾಗ ಮೇಲಿನಿಂದ ಆದೇಶ ಬಂತು. ಚಿಕ್ಕ ಮಕ್ಕಳಿಗೆ ಆರೋಗ್ಯಕರ ಮಣ್ಣಿನ ಮಹತ್ವ ಕಲಿಸಬೇಕು, ಕಲಿತದ್ದನ್ನು ನೋಡಲು ಸಾಹೇಬರು ಬರುತ್ತಾರೆ.

“ಮಣ್ಣಂತೆ ಮಣ್ಣು! ಅದನ್ನ ಆಚೆ ಹಾಕೋದರಲ್ಲೇ ನನ್ನ ಅರ್ಧ ಆಯುಷ್ಯ ಹೋಯ್ತು” ಎಂದು ಹೆಡ್ ಮೇಡಂ ಹಣೆ ಚಚ್ಚಿಕೊಂಡರು. ಪೋಷಕರಿಗೆ ಕಳಿಸಲು ಟೀಚರಮ್ಮ ‘ಒಂದು ಹಿಡಿ ಆರೋಗ್ಯಕರ ಮಣ್ಣು ಕಳಿಸಿ’ ಎಂದು ಬರೆದುಕೊಟ್ಟಳು. ಹೆಡ್ ಮೇಡಂ ‘ಆರೋಗ್ಯಕರ’ ಹೊಡೆದುಹಾಕಿ ‘ಶುದ್ಧವಾದ’ ಎಂದು ತಿದ್ದಿದರು. ಕೆಟ್ಟದ್ದು ಅಲ್ಲೇ.

ತಾಯಂದಿರು ಪೈಪೋಟಿಗೆ ಬಿದ್ದರು. ಒಬ್ಬಳು ಜರಡಿ ಹಿಡಿದು ಕಳಿಸಿದಳು. ಇನ್ನೊಬ್ಬಳು ನೀರು ತಿಳಿಯಾಗುವವರೆಗೆ ತೊಳೆದಳು. ಮಣ್ಣೆಲ್ಲ ಮೋರಿ ಸೇರಿ ಡಬ್ಬಿಗೆ ಬರೀ ಹರಳು ಬಂತು. ‘ಪ್ರಶ್ನೆಪತ್ರಿಕೆ’ ಎಂದು ಹೆಸರಾದ ಹುಡುಗಿಯ ಅಜ್ಜಿಯಂತೂ ಎಲ್ಲರನ್ನೂ ಮೀರಿಸಿದ್ದಳು. ಮಣ್ಣನ್ನು ಬಾಣಲೆಯಲ್ಲಿ ಹದವಾಗಿ ಹುರಿದು, ಆರಿಸಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಕೊಟ್ಟಿದ್ದಳು.

“ಒಂದು ಹುಳಾನೂ ಇಲ್ಲ ಮಿಸ್. ಅಜ್ಜಿ ಎಲ್ಲಾನೂ ಸಾಯಿಸಿಬಿಟ್ಟಿದ್ದಾಳೆ.”

“ನಿಮ್ಮಜ್ಜಿ ಕೈಗುಣ ದೊಡ್ಡದು. ನೋಡೋಣ ಬಾ.”

ಎರಡು ಕುಂಡ. ಒಂದರಲ್ಲಿ ಹುರಿದದ್ದು, ಇನ್ನೊಂದರಲ್ಲಿ ನಲ್ಲಿ ಹಿಂದಿನದು. ಎರಡರಲ್ಲೂ ಒಂದೊಂದು ಎಲೆ ಹೂತು ನೀರು ಚಿಮುಕಿಸಿದರು. ಸಾಹೇಬರು ಇವತ್ತು ನಾಳೆ ಎನ್ನುತ್ತಾ ಭೇಟಿಯನ್ನು ವಾರಗಟ್ಟಲೆ ಮುಂದೂಡಿದ್ದು ಎಲೆಗಳಿಗೆ ಅನುಕೂಲವೇ ಆಯಿತು.

ಕೊನೆಗೂ ಬಂದರು. ಕುಂಡಗಳನ್ನು ಬಗೆದು ತೋರಿಸಿದಾಗ, ನಲ್ಲಿ ಹಿಂದಿನ ಮಣ್ಣಿನಲ್ಲಿ ಎಲೆಯ ನರಗಳಷ್ಟೇ ಉಳಿದಿದ್ದವು. ಹುರಿದ ಮಣ್ಣಿನಿಂದ ಎಲೆ ಹೂತಿಟ್ಟ ಹಾಗೇ ಎದ್ದು ಬಂತು.

“ನೋಡಿ ಸಾರ್!” ಹೆಡ್ ಮೇಡಂ ಆ ಇಡೀ ಎಲೆಯನ್ನು ಎತ್ತಿ ಹಿಡಿದರು. “ಶುದ್ಧ ಮಣ್ಣು ಅಂದ್ರೆ ಇದು. ಎಲೆಗೆ ಏನೂ ಆಗಿಲ್ಲ.”

“ಭೇಷ್” ಅಂದರು ಸಾಹೇಬರು. “ಇನ್ನೊಂದರಲ್ಲಿ ಪಾಪ, ಪೂರ್ತಿ ಹಾಳಾಗಿದೆ.”

“ಇಲ್ಲ ಸಾರ್” ಎಂದಳು ಪ್ರಶ್ನೆಪತ್ರಿಕೆ. “ಅದು ಊಟ ಮಾಡಿದೆ. ನಮ್ಮಜ್ಜೀದು ಸತ್ತ ಮಣ್ಣು, ಅದಕ್ಕೆ ಹಸಿವಿಲ್ಲ.”

“ಏನೇ ಅದು? ತಲೇಲಿ ಏನಿದೆ, ಮಣ್ಣಾ?”

ಹುಡುಗಿ ತಲೆ ತಗ್ಗಿಸಲಿಲ್ಲ. “ಯಾವ ಮಣ್ಣು ಮೇಡಂ? ಹುರಿದದ್ದಾ, ಬದುಕಿರೋದಾ?”

ಸಾಹೇಬರು ಗಹಗಹಿಸಿ ನಕ್ಕರು. ಮಗು ತಮಾಷೆ ಮಾಡಿತು ಎಂದುಕೊಂಡರು. ಎಲ್ಲರೂ ಟೀಚರಮ್ಮನ ಕಡೆ ತಿರುಗಿದರು. ಅವಳ ಗಂಟಲಲ್ಲಿ ಮಾತು ಇತ್ತು, ಬರಲಿಲ್ಲ. ಹುಡುಗಿ ಅವಳನ್ನೇ ನೋಡುತ್ತಿದ್ದಳು, ನೀವೇ ಹೇಳಿಕೊಟ್ಟದ್ದಲ್ವಾ ಮಿಸ್ ಎನ್ನುವ ಹಾಗೆ. ಆ ನೋಟಕ್ಕಿಂತ ಬೈಗುಳ ಹಗುರ.

ಸಾಹೇಬರು ಹೊರಡುವಾಗ ಆಜ್ಞೆ ಮಾಡಿದರು: ಇಂಥ ಶಾಲೆಯಲ್ಲಿ ಮಣ್ಣಿನ ನೆನಪಿಗೆ ಒಂದು ಕಲ್ಲು ನೆಡಬೇಕು. ಎಲ್ಲಿ? ನಲ್ಲಿಯ ಹಿಂದೆ ಖಾಲಿ ಜಾಗ ಇದೆಯಲ್ಲ, ಅಲ್ಲೇ. ಕೆಳಗೆ ಕಾಂಕ್ರೀಟು, ಸುತ್ತ ಟೈಲ್ಸ್. ಸೋಮವಾರವೇ ಕೆಲಸ ಶುರು.

“ಮಿಸ್” ಎಂದಳು ಹುಡುಗಿ ನಲ್ಲಿಯ ಹತ್ತಿರ, “ಸತ್ತವರನ್ನ ಮಣ್ಣು ಮಾಡ್ತಾರೆ. ಮಣ್ಣನ್ನೇ ಸಾಯಿಸಿದ್ರೆ ಏನು ಮಾಡ್ತಾರೆ?”

“ಕಲ್ಲು ನೆಡ್ತಾರೆ” ಅಂದಳು ಟೀಚರಮ್ಮ. ಅಂದವಳು ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ಎತ್ತಿಕೊಂಡಳು. ಆಮೇಲೆ ಸೆರಗು ಸಿಕ್ಕಿಸಿಕೊಂಡು ಮಕ್ಕಳನ್ನೆಲ್ಲ ಕರೆದಳು. “ಊಟದ ಡಬ್ಬಿ ತನ್ನಿ. ಖಾಲಿ ಚೀಲ ಇದ್ರೆ ಅದೂ. ಹೋಂವರ್ಕ್ ಇದೆ. ಯಾರೂ ತೊಳೀಬಾರದು, ಯಾರೂ ಹುರೀಬಾರದು. ನಿಮ್ಮಜ್ಜಿಗೂ ಹೇಳು.”

ಸೋಮವಾರ ಗಾರೆಯವನು ಗುದ್ದಲಿ ಹಿಡಿದು ಬಂದ. ನಲ್ಲಿಯ ಹಿಂದೆ ಮೊಣಕಾಲುದ್ದದ ಹಳ್ಳ, ತಳದಲ್ಲಿ ಬರೀ ಕಲ್ಲುಚೂರು.

“ಅಗೆಯೋ ಕೆಲಸ ಉಳೀತು ಮೇಡಂ” ಎಂದು ಖುಷಿಪಟ್ಟ.

ಹೆಡ್ ಮೇಡಂ ಹಳ್ಳ ನೋಡಿದರು, ಟೀಚರಮ್ಮನ ಉಗುರು ನೋಡಿದರು. “ಎಲ್ರೀ ಇಲ್ಲಿದ್ದ ಮಣ್ಣು?”

ಕಿಟಕಿಯಲ್ಲಿ ಮೂರನೇ ತರಗತಿಯ ಮುಖಗಳು ಒತ್ತಿಕೊಂಡಿದ್ದವು. ಈ ಸಲ ಟೀಚರಮ್ಮನ ಗಂಟಲು ಕೈಕೊಡಲಿಲ್ಲ.

“ಮಕ್ಕಳ ತಲೇಲಿ, ಮೇಡಂ.”