ಚಿಪ್ಪುಹಂದಿಯ ತಗಡು

ನಾನು ಒಂದು ತಾಮ್ರದ ತಗಡು. ಹುಬ್ಬಳ್ಳಿಯ ಪಾತ್ರೆ ಅಂಗಡಿಯಲ್ಲಿ ನನ್ನ ಜೊತೆಗಿದ್ದವರೆಲ್ಲ ಹಂಡೆಯಾದರು, ತಂಬಿಗೆಯಾದರು, ಯಾರದೋ ಬಚ್ಚಲು ಸೇರಿ ಸುಖವಾಗಿದ್ದಾರೆ. ನನ್ನ ಹಣೆಬರಹ ನೋಡಿ, ಧಾರವಾಡದ ಅಂಬಕ್ಕನ ಕೈಗೆ ಸಿಕ್ಕೆ. ಗಿಡ, ಬಳ್ಳಿ, ಪ್ರಾಣಿಗಳನ್ನು ತಾಮ್ರದ ಮೇಲೆ ಕೊರೆದು ಕಾಗದಕ್ಕೆ ಅಚ್ಚು ತೆಗೆಯುವುದು ಆಕೆಯ ಕಸುಬು. ನನ್ನನ್ನು ಮುಖ ಕಾಣುವಂತೆ ಉಜ್ಜಿ, ಬಟ್ಟೆಯಲ್ಲಿ ಸುತ್ತಿಟ್ಟು, ಮರೆತೇಬಿಟ್ಟಿದ್ದಳು.

ಒಂದು ದಿನ ಕಲಘಟಗಿ ಕಡೆಯ ಕಾಡು ಕಾಯುವ ಫಕೀರಪ್ಪ ಗೋಣಿಚೀಲ ಹಿಡಿದು ಬಂದ. ಒಳಗೆ ಗಾಯಗೊಂಡ ಚಿಪ್ಪುಹಂದಿ. ಚಿಪ್ಪಿನ ಆಸೆಗೆ ಬಿಲ ಅಗೆದವರಿಂದ ಬಿಡಿಸಿಕೊಂಡು, ದನದ ಡಾಕ್ಟರ ಹತ್ತಿರ ಒಯ್ಯುವ ದಾರಿಯಲ್ಲಿ ಅಂಬಕ್ಕನೂ ಒಮ್ಮೆ ನೋಡಲಿ ಎಂದು ತಂದಿದ್ದ. ಅದು ಹೆದರಿ ಉಂಡೆಯಾಗಿತ್ತು. ಬಾಲದ ಸಂದಿಯಲ್ಲಿ ಒಂದು ಕಣ್ಣು ಮಾತ್ರ ಕಾಣುತ್ತಿತ್ತು. ಸ್ವಲ್ಪ ತಡೆ ಎಂದು ಅಂಬಕ್ಕ ಪೆನ್ಸಿಲ್ ಹಿಡಿದು ಕೂತಳು. ಚಿತ್ರ ಮುಗಿಯುವಷ್ಟರಲ್ಲಿ ಆ ಕಣ್ಣು ಅಲುಗಾಡುವುದು ನಿಂತಿತು. ಡಾಕ್ಟರು ಮುಟ್ಟಿದ್ದರೆ ಬದುಕುತ್ತಿತ್ತೋ ಇಲ್ಲವೋ, ದೇವರಿಗೇ ಗೊತ್ತು. ಅಂಬಕ್ಕ ಮಾತ್ರ ತನ್ನಿಂದಲೇ ತಡವಾಯಿತು ಎಂದುಕೊಂಡಳು.

ಮರುದಿನವೇ ನನ್ನನ್ನು ಹೊರಗೆ ತೆಗೆದಳು. ಮೇಣ ಬಳಿದು, ಸೂಜಿಯಿಂದ ಒಂದೊಂದೇ ಚಿಪ್ಪು ಗೀರಿ, ಆಸಿಡ್ಡಿಗೆ ಇಳಿಸಿದಳು. ಅಬ್ಬಾ, ಆ ಉರಿ! ಸೂಜಿ ಹೋದಲ್ಲೆಲ್ಲ ಕಚ್ಚಿತು. ತೊಳೆದು ಎತ್ತಿದಾಗ ನನ್ನ ಮೈಮೇಲೆ ಚಿಪ್ಪುಹಂದಿ ಮಲಗಿತ್ತು, ಆ ಕಣ್ಣು ಬಿಟ್ಟುಕೊಂಡು.

ಆಮೇಲೆ ಒಂದು ಪದ್ಧತಿಯೇ ಶುರುವಾಯಿತು. ಫಕೀರಪ್ಪ ಬಂದು, "ಅಕ್ಕಾರ, ಇನ್ನೊಂದು ಹೋತ್ರಿ" ಅಂದರೆ ಸಾಕು, ಅಂಬಕ್ಕ ಎದ್ದು ಕಾಗದ ನೆನೆಸುವಳು. ನನಗೆ ಮಸಿ ತುಂಬಿ, ತೆಳ್ಳನೆಯ ಮಲ್ಲು ಬಟ್ಟೆಯಿಂದ ಒರೆಸಿ, ಪ್ರೆಸ್ಸಿನ ಹಿಡಿ ತಿರುಗಿಸುವಳು. ಅಲ್ಲಿ ಒಂದು ಸತ್ತರೆ ಇಲ್ಲಿ ಒಂದು ಹುಟ್ಟಬೇಕು. ಆ ಅಚ್ಚಿಗೆ ಎಷ್ಟನೆಯ ಪ್ರತಿ ಎಂಬ ನಂಬರಿಲ್ಲ, ಮಾರಾಟವೂ ಇಲ್ಲ. ಓಣಿಯಲ್ಲಿ ಯಾರು ಮೊದಲು ಕಣ್ಣಿಗೆ ಬಿದ್ದರೆ ಅವರಿಗೆ ಕೊಟ್ಟುಬಿಡುವಳು. ಹಿಟ್ಟಿನ ಗಿರಣಿಯ ಗೋಡೆಗೂ ಒಂದು ಚಿಪ್ಪುಹಂದಿ ಅಂಟಿತ್ತು. ಹುಚ್ಚು ಅನ್ನಿ ಬೇಕಾದರೆ. ಪ್ರೆಸ್ಸಿನ ಉರುಳೆ ನನ್ನ ಎದೆಯ ಮೇಲೆ ಉರುಳಿದಾಗಲೆಲ್ಲ ನನಗೆ ಹಿಗ್ಗೇ ಆಗುತ್ತಿತ್ತು.

ವರ್ಷಗಳು ಕಳೆದವು. ಅಂಬಕ್ಕನ ಕಣ್ಣಿಗೆ ಪೊರೆ ಬಂತು, ಆಪರೇಷನ್ ಆದರೂ ಸಣ್ಣ ಗೀರು ಕಾಣದಾಯಿತು. ತಾನು ಹೋದ ಮೇಲೆ ಚಿತ್ರಗಳು ದಿಕ್ಕಾಪಾಲಾಗಬಾರದು, ಒಂದೇ ಕಡೆ ಇರಬೇಕು ಎಂಬುದೊಂದೇ ಆಕೆಯ ಆಸೆ. ಬೆಳಗಾವಿಯ ಉಪಾಧ್ಯೆ ಎಂಬ ಸಂಗ್ರಾಹಕರು ಎಲ್ಲವನ್ನೂ ಒಟ್ಟಿಗೆ ಕೊಳ್ಳಲು ಒಪ್ಪಿ, ಬೆಲೆ ಕಟ್ಟಲು ಶಿರಗುಪ್ಪಿ ಎಂಬವರನ್ನು ಕಳಿಸಿದರು.

ಶಿರಗುಪ್ಪಿ ಮೆತ್ತನೆಯ ಮಾತಿನ ಮನುಷ್ಯ. ಕೈ ಮಾತ್ರ ತಣ್ಣಗೆ. ಮುತ್ತುಗದ ಹೂವು, ಕಕ್ಕೆ, ಪುನುಗು ಬೆಕ್ಕು, ಮುಳ್ಳುಹಂದಿ, ಒಂದೊಂದನ್ನೂ ಭೂತಗನ್ನಡಿಯಲ್ಲಿ ನೋಡಿ ಹೊಗಳಿದರು. ಚಿಪ್ಪುಹಂದಿಯ ಅಚ್ಚು ಕಂಡದ್ದೇ ಅದನ್ನು ಕಿಟಕಿಯ ಬೆಳಕಿಗೆ ಒಯ್ದರು. ಎಷ್ಟು ಪ್ರತಿ ತೆಗೆದಿದ್ದೀರಿ ಎಂದು ಕೇಳಿದರು. ಲೆಕ್ಕವಿಲ್ಲ, ಒಂದು ಸತ್ತ ಸುದ್ದಿ ಬಂದರೆ ಒಂದು ತೆಗೆಯುತ್ತೇನೆ ಎಂದಳು ಅಂಬಕ್ಕ.

"ಹಂಗಾದ್ರ ಬೆಲಿ ಕಟ್ಟಲಿಕ್ಕೆ ಬರೂದಿಲ್ರಿ ಅಕ್ಕಾರ," ಎಂದರು ಅವರು. "ತಗಡು ಜೀವಂತ ಇರೂತನಾ ಚಿತ್ರಕ್ಕ ಬೆಲಿ ಇಲ್ಲ. ನಿಮ್ಮ ಕೈಯಿಂದನ ಇದನ್ನ ಕೊಲ್ಲಬೇಕು."

ಅವರ ಕಸುಬಿನಲ್ಲಿ ಅದು ಕಟ್ಟುನಿಟ್ಟು. ಮುಂದೆ ಪ್ರತಿ ಹುಟ್ಟದಂತೆ ತಗಡಿಗೆ ಅಡ್ಡಡ್ಡ ಕೊರೆದು, ಕೊರೆದದ್ದಕ್ಕೆ ಸಾಕ್ಷಿಯಾಗಿ ಒಂದು ಅಚ್ಚು ತೆಗೆದು, ತಗಡಿನ ಜೊತೆಗೇ ಕೊಡಬೇಕು. ಒಂದು ತಗಡು ಬಿಟ್ಟರೂ ಉಪಾಧ್ಯೆಯವರು ಯಾವುದನ್ನೂ ಮುಟ್ಟುವುದಿಲ್ಲ ಎಂದು ನಗುತ್ತಲೇ ಹೇಳಿ, ವಾರ ಬಿಟ್ಟು ಬರುತ್ತೇನೆಂದು ಹೊರಟರು.

ಅಂಬಕ್ಕ ಮುತ್ತುಗದಿಂದ ಶುರುಮಾಡಿದಳು. ಉಳಿ ತಾಮ್ರದ ಮೇಲೆ ಎಳೆದ ಸದ್ದು ಕಪಾಟಿನೊಳಗೆ ಕೇಳುತ್ತಿತ್ತು. ಒಬ್ಬೊಬ್ಬರದೇ ಮುಗಿಯಿತು. ನನ್ನನ್ನು ಕೊನೆಗೆ ಉಳಿಸಿಕೊಂಡಿದ್ದಳು. ಎರಡು ಸಲ ಉಳಿ ಎತ್ತಿ, ಎರಡು ಸಲವೂ ಕೆಳಗಿಟ್ಟು ಹೊರಗೆ ಹೋದಳು. ಬೇಡ ತಾಯಿ, ಬೇಡ ಎಂದು ನಾನು ಕೂಗಿಕೊಂಡೆ. ತಗಡಿನ ಕೂಗು ಯಾರಿಗೆ ಕೇಳೀತು? ಮೂರನೆಯ ಸಲ ಕಣ್ಣು ಮುಚ್ಚಿಕೊಂಡು ಮೂಲೆಯಿಂದ ಮೂಲೆಗೆ ಎಳೆದಳು. ಗೀರು ಆ ಕಣ್ಣಿನ ಮೇಲೆಯೇ ಹಾಯ್ದು ಹೋಯಿತು. ಸಾಕ್ಷಿಯ ಅಚ್ಚು ತೆಗೆಯುವಾಗ ನನಗೆ ಅಳು ಬಂತು.

ಶಿರಗುಪ್ಪಿ ಬರುವುದಕ್ಕೆ ಮೊದಲೇ ಫಕೀರಪ್ಪ ಬಂದ. ಬಾಗಿಲಲ್ಲೇ ನಿಂತು ಅದೇ ಮಾತು ಹೇಳಿದ. ಅಂಬಕ್ಕ ರೂಢಿಯಂತೆ ಎದ್ದು ಕಾಗದ ನೆನೆಸಿದಳು, ನನ್ನನ್ನು ಎತ್ತಿಕೊಂಡಳು. ಬೆರಳಿಗೆ ಅಡ್ಡಗೀರು ತಾಕಿತು. ನನ್ನನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿಟ್ಟಳು.

"ಇನ್ನ ಇಲ್ಲಿ ಹುಟ್ಟೂದಿಲ್ಲ ಫಕೀರಪ್ಪ. ಸುದ್ದಿ ತರಬ್ಯಾಡ," ಎಂದಳು.

ಈಗ ನಾನು ಬೆಳಗಾವಿಯಲ್ಲಿ ಉಪಾಧ್ಯೆಯವರ ಪಡಸಾಲೆಯ ಗೋಡೆಯ ಮೇಲಿದ್ದೇನೆ. ಗಾಜಿನ ಹಿಂದೆ ನಾನು, ಪಕ್ಕದಲ್ಲಿ ಅಡ್ಡಗೀರಿನ ಆ ಸಾಕ್ಷಿಯ ಅಚ್ಚು. ಮಸಿಯಿಲ್ಲ, ನೀರಿಲ್ಲ, ಮುಟ್ಟುವವರಿಲ್ಲ. ಮೈಗೆ ಹಸಿರು ಹತ್ತುತ್ತಿದೆ. ಮೊನ್ನೆ ಫೋನು ಬಂತು, ಅಂಬಕ್ಕ ತೀರಿಕೊಂಡಳಂತೆ. ಉಪಾಧ್ಯೆಯವರು ಛೆ ಎಂದರು, ಆಮೇಲೆ ಶಿರಗುಪ್ಪಿಯವರಿಗೆ ಹೇಳಿಕಳಿಸಿದರು. ಅವರು ಬಂದು ಭೂತಗನ್ನಡಿ ಹಿಡಿದರು. ಆಕೆಗೆ ಏನಾಗಿತ್ತು ಎಂದು ಒಬ್ಬರೂ ಕೇಳಲಿಲ್ಲ.

"ಕಲಾವಿದರು ಹೋದ್ರು, ಬೆಲಿ ಏರೇದ," ಎಂದರು ಶಿರಗುಪ್ಪಿ. "ಆದ್ರ ಈಗ ಮಾರಬ್ಯಾಡ್ರಿ. ಆ ಪ್ರಾಣಿ ಕಾಡಿನಾಗ ಇನ್ನೂ ಅಷ್ಟಿಷ್ಟು ಉಳದಾವ. ತಡೀರಿ."

ಅಂದಿನಿಂದ ನಾನು ಬೇಡಿಕೊಳ್ಳುವುದು ಒಂದೇ. ದೇವರೇ, ನನ್ನ ಬೆಲೆ ಬೀಳಲಿ. ಗುಜರಿಯವನೂ ಬೇಡವೆಂದು ಎಸೆಯುವಷ್ಟು ಅಗ್ಗವಾಗಲಿ. ಕಲಘಟಗಿಯ ಮಣ್ಣಿನಡಿ ಇರುವ ಅವು ಇನ್ನೂ ಆಳಕ್ಕೆ ಬಿಲ ತೋಡಿಕೊಳ್ಳಲಿ.

ಉಪಾಧ್ಯೆಯವರಿಗೆ ಅವಸರವಿಲ್ಲ. ದಿನಾ ಬೆಳಗ್ಗೆ ಚಹಾ ಹಿಡಿದು ನನ್ನ ಎದುರಿಗೇ ಕೂರುತ್ತಾರೆ, ಪೇಪರು ಬಿಡಿಸಿ ಮೊದಲು ಕಾಡಿನ ಸುದ್ದಿ ಹುಡುಕುತ್ತಾರೆ.